ಬೀದಿಗೆ ವಸತಿರಹಿತರ ಕಟ್ಟಡ ಬಂದರೆ ನ್ಯೂಯಾರ್ಕಿನಲ್ಲಿ ಮನೆಯ ಬೆಲೆ ಇಳಿಯುವುದೇ?

ಮ್ಯಾನ್‌ಹ್ಯಾಟನ್‌ನಲ್ಲಿ ನೀವು ನೋಡಿಟ್ಟಿರುವ ಫ್ಲ್ಯಾಟಿನ ಬೀದಿಗೆ ವಸತಿರಹಿತರ ಕಟ್ಟಡವೊಂದು ಬರಲಿದೆ, ಮುಂದೆ ಮಾರುವಾಗ ಕೈಸುಟ್ಟುಕೊಳ್ಳಬೇಕಾದೀತೇ ಎಂದು ಕೇಳಿದ್ದೀರಿ. ಬರುವುದು ಶೆಲ್ಟರೋ ಸಪೋರ್ಟಿವ್ ಹೌಸಿಂಗೋ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ. ಊರವರ ಸಭೆಗಳಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆದು ಜಗಳವಾಡುವುದನ್ನು ನಾನು ಕಂಡಿದ್ದೇನೆ. ಶೆಲ್ಟರ್ ತಾತ್ಕಾಲಿಕ ತಂಗುದಾಣ. ಸಪೋರ್ಟಿವ್ ಹೌಸಿಂಗ್‌ನಲ್ಲಿರುವವರು ಕರಾರಿಗೆ ಸಹಿ ಹಾಕಿ, ತಮ್ಮ ಆದಾಯಕ್ಕೆ ತಕ್ಕ ಬಾಡಿಗೆ ಕೊಟ್ಟು ನೆಲೆಸಿದ ಬಾಡಿಗೆದಾರರು, ಅವರ ನೆರವಿಗೆ ಸಮಾಜ ಕಾರ್ಯಕರ್ತರೂ ಇರುತ್ತಾರೆ.

ಶೆಲ್ಟರ್ ಆಗಿದ್ದರೆ ನಿಮ್ಮ ಆತಂಕಕ್ಕೆ ಆಧಾರವಿದೆ. ನಗರದ ಇಂಡಿಪೆಂಡೆಂಟ್ ಬಜೆಟ್ ಆಫೀಸ್ 2019ರಲ್ಲಿ ಮ್ಯಾನ್‌ಹ್ಯಾಟನ್‌ನ ಮಾರಾಟಗಳನ್ನು ಪರಿಶೀಲಿಸಿದಾಗ, ವಯಸ್ಕರ ಶೆಲ್ಟರಿನಿಂದ 500 ಅಡಿಯೊಳಗಿನ ಮನೆಗಳು 500ರಿಂದ 1,000 ಅಡಿ ದೂರದ ಅಂಥವೇ ಮನೆಗಳಿಗಿಂತ ಶೇ. 7.1ರಷ್ಟು ಕಡಿಮೆ ಬೆಲೆಗೆ ಹೋಗಿದ್ದವು. ಒಂದಕ್ಕಿಂತ ಹೆಚ್ಚು ಶೆಲ್ಟರುಗಳಿದ್ದೆಡೆ ಈ ಅಂತರ ಶೇ. 17.4ಕ್ಕೆ ಏರಿತ್ತು. ಉತ್ತರ ದಕ್ಷಿಣವಾಗಿ ನಡೆದರೆ 500 ಅಡಿ ಎರಡು ಬ್ಲಾಕಿಗೂ ಕಡಿಮೆಯೇ. ಆದರೆ ಇದು ಹತ್ತಿರದ ಮನೆಯನ್ನು ದೂರದ ಮನೆಯೊಡನೆ ಹೋಲಿಸಿದ ಅಂಕಿ. ಶೆಲ್ಟರ್ ಬರುವ ಮೊದಲೇ ಆ ತುಣುಕಿನಲ್ಲಿ ಬೆಲೆ ಕಡಿಮೆಯಿತ್ತೇ ಎಂಬುದು ಇದೊಂದರಿಂದಲೇ ತಿಳಿಯದು.

ಸಪೋರ್ಟಿವ್ ಹೌಸಿಂಗ್‌ನ ಕಥೆ ಬೇರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫರ್ಮನ್ ಸೆಂಟರ್ 2008ರಲ್ಲಿ ಇಂಥ 123 ವಸತಿ ಯೋಜನೆಗಳ ಸುತ್ತಲಿನ ಬೆಲೆಗಳನ್ನು ಅಧ್ಯಯನ ಮಾಡಿತು. 500 ಅಡಿಯೊಳಗಿನ ಬೆಲೆಗಳು ಯೋಜನೆ ಆರಂಭವಾದ ಬಳಿಕ, ಅದೇ ಪ್ರದೇಶದ ದೂರದ ಆಸ್ತಿಗಳಿಗೆ ಹೋಲಿಸಿದರೆ ಏರಿದ್ದವು. ಅದರಾಚೆ 1,000 ಅಡಿಯವರೆಗಿನ ಬೆಲೆಗಳು ಕಟ್ಟುವಾಗ ಮತ್ತು ಆರಂಭದ ಹೊತ್ತಿಗೆ ಸ್ವಲ್ಪ ಇಳಿದು, ಆಮೇಲೆ ಸ್ಥಿರವಾಗಿ ಏರುತ್ತಾ ಹೋಗಿದ್ದವು.

ಇದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ. ಬ್ರಾಂಕ್ಸ್‌ನಲ್ಲಿ ನಾನು ಮನೆ ಕೊಂಡಾಗ ಮೂಲೆಯಲ್ಲಿದ್ದುದು ತುಕ್ಕು ಹಿಡಿದ ತಂತಿಬೇಲಿಯ ಖಾಲಿ ನಿವೇಶನ. ಹಳೆಯ ಹಾಸಿಗೆ, ಟೈರುಗಳನ್ನು ಅಲ್ಲಿಗೆ ತಂದೆಸೆಯುತ್ತಿದ್ದರು. ಈಗ ಅಲ್ಲಿ ಇಂಥದೇ ಕಟ್ಟಡವಿದೆ, ರಾತ್ರಿಯಿಡೀ ದೀಪ ಉರಿಯುತ್ತದೆ, ಬಾಗಿಲ ಬಳಿ ಕಾವಲಿನವರು ಕೂತಿರುತ್ತಾರೆ. ಹಿಮ ಬಿದ್ದ ಬೆಳಿಗ್ಗೆ ನಮ್ಮ ಕಟ್ಟಡಕ್ಕಿಂತ ಮೊದಲು ಅವರ ಕಾಲುದಾರಿಯೇ ಶುಚಿಯಾಗಿರುತ್ತದೆ (ಇದನ್ನು ನಮ್ಮ ನಿವಾಸಿಗಳ ಸಂಘದಲ್ಲಿ ಹೇಳಿ ಬೈಸಿಕೊಂಡಿದ್ದೇನೆ). ನಮ್ಮ ಮನೆಯ ಬೆಲೆ ಏರಿದ್ದು ನಿಜ, ಆದರೆ ಇಡೀ ಬಡಾವಣೆಯದೇ ಏರಿದ್ದರಿಂದ ಆ ಕೀರ್ತಿಯನ್ನು ಕಟ್ಟಡಕ್ಕೆ ಕಟ್ಟಲಾರೆ.

ಇನ್ನು ಲೆಕ್ಕಾಚಾರದ ಮಾತು. ಶೆಲ್ಟರ್ ಈಗಾಗಲೇ ಇರುವ ಬೀದಿಯಲ್ಲಿ ಕೊಂಡರೆ ಆ ರಿಯಾಯಿತಿ ನಿಮಗೂ ಸಿಕ್ಕಿರುತ್ತದೆ. ಮಾರುವಾಗ ಅಷ್ಟನ್ನೇ ಬಿಟ್ಟುಕೊಡುತ್ತೀರಿ. ಪೆಟ್ಟು ಬೀಳುವುದು, ಪೂರ್ತಿ ಬೆಲೆ ಕೊಟ್ಟು ಕೊಂಡ ಮೇಲೆ ಹೊಸದೊಂದು ಬಂದಾಗ. ನಿಮ್ಮದು ಇವೆರಡರ ನಡುವಿನ ಸ್ಥಿತಿ: ಸುದ್ದಿ ಹೊರಬಿದ್ದಿದೆ, ಕಟ್ಟಡ ಬಂದಿಲ್ಲ. ಬರುವುದು ಶೆಲ್ಟರೇ ಆಗಿದ್ದು, ಮಾರುವವರು ಹಳೆಯ ದರಕ್ಕೇ ಪಟ್ಟುಹಿಡಿದರೆ, ನಾನಾದರೆ ಆ 7.1ನ್ನು ಮುಂದಿಟ್ಟು ಚೌಕಾಸಿ ಮಾಡುತ್ತೇನೆ. 500 ಅಡಿಯೊಳಗೆ ಇನ್ನೊಂದು ಶೆಲ್ಟರ್ ಮೊದಲೇ ಇದ್ದರೆ ಬೇರೆ ಮನೆ ನೋಡುತ್ತೇನೆ.