ನಕ್ಷೆಯಲ್ಲಿ 600 ಮೀಟರ್, ನಡುವೆ ಒಂದು ದೊಡ್ಡ ರಸ್ತೆ

ನಡೆಯುವವರ ಅನುಕೂಲ ನೋಡಿ ರಸ್ತೆಗಳನ್ನು ರೂಪಿಸುವುದು ನನ್ನ ಕೆಲಸ. ಹಾಗಾಗಿ ಹೊಸ ಊರಿಗೆ ಕೆಲಸಕ್ಕೆ ಹೊರಟವರು ನನಗೆ ಪತ್ರ ಬರೆಯುತ್ತಾರೆ. ಹತ್ತರಲ್ಲಿ ಎಂಟು ಪತ್ರಗಳ ಪ್ರಶ್ನೆ ಒಂದೇ: "ಎಲ್ಲವೂ ನಡೆಯುವಷ್ಟು ಹತ್ತಿರ ಇದೆಯಂತೆ, ಮನೆ ಹಿಡಿಯಬಹುದಾ?" ಎಷ್ಟು ಸಲ ಉತ್ತರ ಕೊಟ್ಟರೂ ಇದು ಮತ್ತೆ ಬರುತ್ತಲೇ ಇದೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ, ಉಳಿದವಕ್ಕೆ ಚುಟುಕು ಉತ್ತರ. ನಡೆದರೆ ಆರೋಗ್ಯಕ್ಕೆ ಒಳ್ಳೆಯದು, ದುಡ್ಡು ಉಳಿಯುತ್ತದೆ ಅನ್ನುವುದನ್ನೆಲ್ಲ ಮತ್ತೆ ಹೇಳುವುದಿಲ್ಲ. ಅದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ನಾವಿಬ್ಬರು ಗೆಳತಿಯರು. ಮುಂದಿನ ತಿಂಗಳು ಕೆಲಸಕ್ಕಾಗಿ ಬೇರೆ ಊರಿಗೆ ಹೋಗುತ್ತಿದ್ದೇವೆ. ಗಾಡಿ ಇಲ್ಲ, ತಗೊಳ್ಳುವ ಆಸೆಯೂ ಇಲ್ಲ. ಆನ್‌ಲೈನ್‌ನಲ್ಲಿ ಒಂದು ಬಾಡಿಗೆ ಮನೆ ಇಷ್ಟವಾಗಿದೆ. ಆ ಜಾಗಕ್ಕೆ ನಡಿಗೆಯ ಅಂಕ 100ಕ್ಕೆ 91 ಅಂತ ತೋರಿಸುತ್ತಿದೆ. ಮೆಟ್ರೋ ನಿಲ್ದಾಣ 600 ಮೀಟರ್, ದಿನಸಿ ಅಂಗಡಿ 300 ಮೀಟರ್. ಇವತ್ತೇ ಅಡ್ವಾನ್ಸ್ ಕಳಿಸಿ, ಇಲ್ಲದಿದ್ದರೆ ಮನೆ ಕೈತಪ್ಪುತ್ತದೆ ಅಂತ ಬ್ರೋಕರ್ ಹೇಳುತ್ತಿದ್ದಾರೆ. ಕಳಿಸಲಾ?

ಉತ್ತರ: ಕಳಿಸಬೇಡಿ.

ಮೊದಲು ಆ 91ರ ವಿಷಯ ನೋಡೋಣ. ಇಂಥ ಅಂಕಗಳಲ್ಲಿ ಹೆಚ್ಚು ಹೆಸರಾದದ್ದು ವಾಕ್ ಸ್ಕೋರ್. 2007ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅದರ ಲೆಕ್ಕ ಸರಳ. ಅಂಗಡಿ, ಶಾಲೆ, ಪಾರ್ಕ್ ಇಂಥವು 5 ನಿಮಿಷದ ನಡಿಗೆಯೊಳಗೆ ಇದ್ದರೆ ಪೂರ್ತಿ ಅಂಕ. ದೂರ ಹೋದಂತೆ ಅಂಕ ಇಳಿಯುತ್ತದೆ, 30 ನಿಮಿಷ ದಾಟಿದರೆ ಏನೂ ಸಿಗುವುದಿಲ್ಲ. ಬ್ಲಾಕ್, ಅಂದರೆ ಒಂದು ಅಡ್ಡರಸ್ತೆಯಿಂದ ಇನ್ನೊಂದರವರೆಗಿನ ಭಾಗ, ಎಷ್ಟು ಉದ್ದ, ಕೂಡುರಸ್ತೆ ಎಷ್ಟಿವೆ ಅನ್ನುವುದನ್ನೂ ಸೇರಿಸಿಕೊಳ್ಳುತ್ತಾರೆ. ಲೆಕ್ಕದಲ್ಲಿ ಮೋಸ ಇಲ್ಲ. ಆದರೆ ಅಲ್ಲಿ ಫುಟ್‌ಪಾತ್ ಇದೆಯಾ, ರಾತ್ರಿ ದೀಪ ಉರಿಯುತ್ತಾ, ಮಧ್ಯಾಹ್ನ ನೆರಳು ಸಿಗುತ್ತಾ ಅನ್ನುವುದು ಅಂಕದಲ್ಲಿ ಬರುವುದಿಲ್ಲ. ಹತ್ತಿರ ಏನೇನಿದೆ ಅಂತ ಅದು ಹೇಳುತ್ತದೆ. ನೀವು ಅಲ್ಲಿಗೆ ನಡೆದು ಹೋಗುತ್ತೀರಾ ಅನ್ನುವುದು ಬೇರೆಯೇ ಮಾತು. ಈ ಅಂಕವನ್ನು ಹಿಡಿದುಕೊಂಡು "ಗಾಡಿಯೇ ಬೇಡ ಮೇಡಂ" ಅನ್ನುವ ಬ್ರೋಕರ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರಲ್ಲಿ ಎಷ್ಟು ಜನ ಆ ದಾರಿಯಲ್ಲಿ ಒಂದು ಸಲ ನಡೆದಿದ್ದಾರೆ ಅಂತ ಕೇಳಿ ನೋಡಿ.

ಇನ್ನು ಆ 600 ಮೀಟರ್. ಜಪಾನಿನಲ್ಲಿ ಬಾಡಿಗೆ ಮನೆಯ ಜಾಹೀರಾತಿನಲ್ಲಿ ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ ಅಂತ ಬರೆಯುವುದಕ್ಕೂ ಒಂದು ನಿಯಮ ಇದೆ. 80 ಮೀಟರಿಗೆ ಒಂದು ನಿಮಿಷ, ಉಳಿದ ಚೂರನ್ನೂ ಒಂದು ನಿಮಿಷ ಅಂತಲೇ ಎಣಿಸಬೇಕು. 2022ರಿಂದ ಅಪಾರ್ಟ್‌ಮೆಂಟ್ ಆದರೆ ಕಟ್ಟಡದ ಬಾಗಿಲಿನಿಂದಲೇ ಅಳೆಯಬೇಕು ಅಂತಲೂ ಮಾಡಿದರು. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಬಾಗಿಲಿನಿಂದ ಗೇಟಿಗೆ ಬರುವುದೇ ಒಂದು ನಡಿಗೆ, ಅಲ್ವಾ? ಆದರೆ ಅಷ್ಟು ಕಟ್ಟುನಿಟ್ಟಿನ ನಿಯಮದಲ್ಲೂ ಸಿಗ್ನಲ್ ಕಾಯುವ ಹೊತ್ತು ಸೇರುವುದಿಲ್ಲ, ಏರು ದಾರಿಯ ಲೆಕ್ಕ ಇಲ್ಲ. ಜಾಹೀರಾತಿನಲ್ಲಿ ಕಾಣದೆ ಉಳಿಯುವುದು ಇದೇ ನೋಡಿ, ರಸ್ತೆ ದಾಟುವ ಕಷ್ಟ.

ನೀವು ಕಳಿಸಿದ ನಕ್ಷೆಯನ್ನು ನಾನು ನೋಡಿದೆ. ಮನೆಗೂ ನಿಲ್ದಾಣಕ್ಕೂ ನಡುವೆ ಆರು ಲೇನಿನ ರಸ್ತೆ ಇದೆ. ಅದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ. ಯಾರೂ ಬರೆಯುವುದಿಲ್ಲ. ಎಲ್ಲರೂ ದೂರ ನೋಡುತ್ತಾರೆ, ಅಡ್ಡ ಬರುವ ರಸ್ತೆಯನ್ನು ನೋಡುವುದೇ ಇಲ್ಲ.

ಅಲ್ಲಿ ಸಿಗ್ನಲ್ ಇದೆ ಅಂತಲೇ ಇಟ್ಟುಕೊಳ್ಳೋಣ. ದೊಡ್ಡ ಕೂಡುರಸ್ತೆಯಲ್ಲಿ ಎರಡು ನಿಮಿಷ ಕಾಯುವುದು ಹೊಸದೇನಲ್ಲ. ನಿಮಿಷಕ್ಕೆ 80 ಮೀಟರ್ ಅಂದರೆ ಅದು 160 ಮೀಟರ್ ನಡೆಯುವ ಹೊತ್ತು. ಡಿವೈಡರ್ ಹತ್ತಿರ ನಿಂತು ಇನ್ನೊಂದು ಸಿಗ್ನಲ್ ಕಾಯಬೇಕಾದರೆ ಅದರ ಎರಡರಷ್ಟು. ನಿಮ್ಮ 600 ಮೀಟರ್ ಆಗಲೇ 900 ದಾಟಿತು. ಸಿಗ್ನಲ್ ಇಲ್ಲದೆ ಸ್ಕೈವಾಕ್ ಇದ್ದರೆ ಸುಮಾರು 6 ಮೀಟರ್ ಹತ್ತಬೇಕು, ಅಂದರೆ ಹತ್ತಿರ ಹತ್ತಿರ 40 ಮೆಟ್ಟಿಲು. ಆಮೇಲೆ ಅಷ್ಟೇ ಇಳಿಯಬೇಕು. ಲ್ಯಾಪ್‌ಟಾಪ್ ಚೀಲ ಹೊತ್ತುಕೊಂಡು, ಸುಸ್ತಾಗಿ ಬರುವ ಸಂಜೆ ಅದನ್ನು ದಿನಾ ಮಾಡುತ್ತೀರಾ? ಎರಡೂ ಇಲ್ಲದಿದ್ದರೆ ಗಾಡಿಗಳ ನಡುವೆ ಓಡಬೇಕು. ಆ ಮನೆಯನ್ನು ಅಲ್ಲಿಗೇ ಬಿಟ್ಟುಬಿಡಿ. ಗಾಡಿಯ ಪೆಟ್ಟಿನ ಶಕ್ತಿ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟು. ಗಂಟೆಗೆ 30 ಕಿಲೋಮೀಟರ್ ವೇಗಕ್ಕಿಂತ 50ರಲ್ಲಿ ಅದು ಎರಡೂಮುಕ್ಕಾಲು ಪಟ್ಟಿಗೂ ಸ್ವಲ್ಪ ಜಾಸ್ತಿ. ಜನ ಮತ್ತು ಗಾಡಿ ಬೆರೆಯುವ ಕಡೆ ವೇಗ 30 ಮೀರಬಾರದು ಅಂತ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲಿ ಹೇಳಿದ್ದು ಇದಕ್ಕೇ.

ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ನಿಲ್ದಾಣ ಕಿಟಕಿಯಿಂದಲೇ ಕಾಣುತ್ತಿತ್ತು, ನಕ್ಷೆಯಲ್ಲಿ 350 ಮೀಟರ್. ನಡುವೆ ಒಂದು ಹೆದ್ದಾರಿ. ಮೊದಲ ತಿಂಗಳು ಖುಷಿಯಿಂದ ನಡೆದೆ. ಎರಡನೇ ತಿಂಗಳು ಮಳೆ ಬಂದ ದಿನ ಆಟೋ ಹತ್ತಿದೆ. ನಾಲ್ಕನೇ ತಿಂಗಳಿಗೆ ದಿನಾ ಆಟೋ. ಸಂಜೆ ಒಂದು ಸಣ್ಣ ಸಾಮಾನು ಬೇಕಾದರೂ ಬೆಳಿಗ್ಗೆ ನೋಡೋಣ ಅಂತ ಸುಮ್ನೆ ಕೂರುತ್ತಿದ್ದೆ. ನಾನು ಸೋಮಾರಿ ಆಗಿರಲಿಲ್ಲ. ಆ ರಸ್ತೆ ನನ್ನನ್ನು ಮನೆಯೊಳಗೆ ಕೂರಿಸಿತು. ಆ ವರ್ಷವೇ ನಾನು ಬೇರೆ ಮನೆಗೆ ಹೋದೆ. ನಿಲ್ದಾಣಕ್ಕೆ 1,100 ಮೀಟರ್, ಸಣ್ಣ ಬೀದಿಗಳಲ್ಲೇ ದಾರಿ. ಅಲ್ಲಿದ್ದ ಮೂರು ವರ್ಷವೂ ನಡೆದೇ ಓಡಾಡಿದೆ.

ಹಾಗಾಗಿ ಹೋಗಿ ನಡೆದು ನೋಡಿ. ಭಾನುವಾರ ಬೆಳಿಗ್ಗೆ ಬೇಡ. ಆಗ ಎಲ್ಲ ರಸ್ತೆಯೂ ಚೆನ್ನಾಗಿಯೇ ಕಾಣುತ್ತದೆ. ಕೆಲಸದ ದಿನ, ನೀವು ನಿಜವಾಗಿ ಮನೆಯಿಂದ ಹೊರಡುವ ಹೊತ್ತಿಗೆ, ದಿನಾ ಹೊರುವ ಚೀಲವನ್ನೇ ಹೊತ್ತು, ಮನೆ ಬಾಗಿಲಿನಿಂದ ಪ್ಲಾಟ್‌ಫಾರ್ಮಿನವರೆಗೆ ಹೋಗಿ. ಮತ್ತೆ ಅದೇ ದಾರಿಯಲ್ಲಿ, ನೀವು ಅತಿ ತಡವಾಗಿ ವಾಪಸ್ ಬರುವ ಹೊತ್ತಿಗೆ ಬನ್ನಿ. ಹೊತ್ತು ನೋಡಿಕೊಳ್ಳಿ. ಅದಕ್ಕಿಂತ ಮುಖ್ಯವಾಗಿ ಎರಡನ್ನು ಎಣಿಸಿ. ಎಷ್ಟು ಸಲ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕಾಯಿತು? ಎಷ್ಟು ಸಲ ಹೆದರಿ ಹಿಂದೆ ತಿರುಗಿ ನೋಡಿದಿರಿ? ಎರಡನೆಯದಕ್ಕೆ ಯಾವ ಕಾರಣವೂ ಕೊಡಬೇಕಾಗಿಲ್ಲ. ಮೂರು ಸಲ ತಿರುಗಿ ನೋಡಿದ್ದರೆ ಆ ದಾರಿ ನಿಮಗೆ ಹೊಂದುವುದಿಲ್ಲ, ಅಷ್ಟೆ.

ರಾತ್ರಿ ನಡೆಯುವಾಗ ಪಕ್ಕದಲ್ಲಿ ಏನಿದೆ ನೋಡಿ. ಉದ್ದಕ್ಕೂ ಕಾಂಪೌಂಡ್ ಗೋಡೆ ಇದ್ದರೆ 200 ಮೀಟರ್ ಕೂಡ ಉದ್ದವೇ. ಬಾಗಿಲು, ಕಿಟಕಿ, ತೆರೆದ ಅಂಗಡಿ ಇದ್ದರೆ ಅದೇ ದೂರ ಗೊತ್ತೇ ಆಗುವುದಿಲ್ಲ. ತಿರುವುಗಳೂ ಮುಖ್ಯ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಮಧ್ಯಭಾಗದಲ್ಲಿ ಒಂದು ಬ್ಲಾಕ್ ಸುಮಾರು 60 ಮೀಟರ್. ಸಾಲ್ಟ್ ಲೇಕ್ ಸಿಟಿಯಲ್ಲಿ ಅದು ಸುಮಾರು 200 ಮೀಟರ್. ಒಂದು ದಾರಿಯಲ್ಲಿ ಕೆಲಸ ನಡೆಯುತ್ತಿದ್ದರೆ, ದೀಪ ಹೋಗಿದ್ದರೆ, ಯಾರೋ ಬೇಡದವರು ನಿಂತಿದ್ದರೆ, ಮೊದಲ ಊರಿನಲ್ಲಿ ತಕ್ಷಣ ಬೇರೆ ಬೀದಿಗೆ ತಿರುಗಬಹುದು. ಎರಡನೆಯದರಲ್ಲಿ ಅದೇ ದಾರಿಯನ್ನು ಪೂರ್ತಿ ನಡೆಯಬೇಕು. ಮನೆಗೆ ಬರಲು ಎರಡು ದಾರಿಯಾದರೂ ಇರಲಿ ಅಂತ ನಾನು ಪಟ್ಟು ಹಿಡಿದು ಹೇಳುತ್ತೇನೆ. ಹೆಂಗಸರಿಗಂತೂ ಇನ್ನೂ ಜೋರಾಗಿ.

ಇನ್ನೊಂದು ಮಾತು, ಇದನ್ನು ನೀವು ಕೇಳಿಲ್ಲ. ಹೊಸ ಊರಿನಲ್ಲಿ ನಿಮಗೆ ಯಾರ ಪರಿಚಯವೂ ಇರುವುದಿಲ್ಲ. 1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ವಿನ್ಯಾಸಕರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ದಿನಕ್ಕೆ ಸುಮಾರು 2,000 ಗಾಡಿ ಓಡುವ ಬೀದಿಯಲ್ಲಿ ಒಬ್ಬೊಬ್ಬರಿಗೂ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರಿದ್ದರು. ಸುಮಾರು 16,000 ಗಾಡಿ ಓಡುವ ಬೀದಿಯಲ್ಲಿ ಒಬ್ಬರೂ ಪೂರ್ತಿ ಇರಲಿಲ್ಲ, ಸರಾಸರಿ 0.9. ಮನೆ ಮುಂದೆ ನಿಂತು ಎರಡು ಮಾತಾಡಲು ಆಗದ ಕಡೆ ಪರಿಚಯ ಬೆಳೆಯುವುದು ಕಷ್ಟ. ಊರು ಬಿಟ್ಟು ಬಂದ ಮೊದಲ ಆರು ತಿಂಗಳ ಒಂಟಿತನ ನೋಡಿದವರಿಗೆ ಇದರ ಬೆಲೆ ಗೊತ್ತು. ಆದ್ದರಿಂದ ಮೇನ್ ರೋಡಿಗೆ ತಾಗಿದ ಮನೆಗಿಂತ ಒಂದೆರಡು ಬೀದಿ ಒಳಗಿನ ಮನೆ ಆರಿಸಿ. ಅಂಗಡಿ ಎರಡು ನಿಮಿಷ ದೂರವಾದರೆ ಆಗಲಿ.

ಈಗ ಅಡ್ವಾನ್ಸ್. ನೋಡದ ಮನೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. "ಇನ್ನೊಬ್ಬರು ಕಾಯುತ್ತಿದ್ದಾರೆ, ಇವತ್ತೇ ಹಾಕಿ" ಅನ್ನುವುದು ಎಲ್ಲ ಊರಿನ ಬಾಡಿಗೆ ವಂಚಕರೂ ಹೇಳುವ ಮೊದಲ ಮಾತು. ನಿಮ್ಮ ಬ್ರೋಕರ್ ಪ್ರಾಮಾಣಿಕರೇ ಇರಬಹುದು. ಆದರೂ ಬೇಡ. ಮೊದಲ ಮೂರು ನಾಲ್ಕು ವಾರಕ್ಕೆ ಆಫೀಸಿನ ಹತ್ತಿರ ಪಿಜಿ ಅಥವಾ ತಿಂಗಳ ಲೆಕ್ಕದ ಕೋಣೆ ಹಿಡಿಯಿರಿ. ಜಾಸ್ತಿ ಖರ್ಚಾಗುತ್ತದೆ, ಆಗಲಿ. ಹೊಂದದ ಮನೆಯಲ್ಲಿ ಒಂದು ವರ್ಷ ಸಿಕ್ಕಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ. ಅಲ್ಲಿಂದ ದಿನಾ ಸಂಜೆ ಒಂದೊಂದು ಬಡಾವಣೆಯಲ್ಲಿ ನಡೆದು ನೋಡಿ. ಮೊದಲೇ ಹೋಗಿ ನೋಡಲು ಆಗುವುದೇ ಇಲ್ಲ ಅಂದರೆ, ಆ ಊರಿನಲ್ಲಿರುವ ಪರಿಚಯದವರಿಂದ ರಾತ್ರಿ ಹೊತ್ತು ವಿಡಿಯೋ ಕಾಲ್‌ನಲ್ಲಿ ಆ ದಾರಿ ಪೂರ್ತಿ ನಡೆಸಿ. ಆನ್‌ಲೈನ್ ನಕ್ಷೆಯ ಬೀದಿ ಚಿತ್ರ ನೋಡುವುದಾದರೆ ಅದನ್ನು ತೆಗೆದ ವರ್ಷವನ್ನೂ ನೋಡಿ.

ಪ್ರಶ್ನೆ: ನನ್ನ ಆಫೀಸ್ ಊರಿನ ಒಂದು ತುದಿ, ಗಂಡನದು ಇನ್ನೊಂದು ತುದಿ. ನಡುವೆ ಮನೆ ಮಾಡಿದರೆ ಇಬ್ಬರಿಗೂ ನ್ಯಾಯ ಅಲ್ವಾ?

ಉತ್ತರ: ಇಬ್ಬರಿಗೂ ಅನ್ಯಾಯ ಆಗುವುದನ್ನೇ ಹೆಚ್ಚು ನೋಡಿದ್ದೇನೆ. ನಡುವಿನ ಜಾಗದಲ್ಲಿ ಒಬ್ಬರಿಗೂ ನೇರ ಬಸ್ಸು ರೈಲು ಸಿಗದೆ, ಇಬ್ಬರೂ ಎರಡೆರಡು ಕಡೆ ಇಳಿದು ಹತ್ತುತ್ತಾರೆ. ಆಫೀಸಿಗೆ ವಾರಕ್ಕೆ ಹೆಚ್ಚು ದಿನ ಹೋಗುವವರು ಯಾರು, ರಾತ್ರಿ ತಡವಾಗಿ ಬರುವವರು ಯಾರು? ಅವರು ನಡೆದು ಹೋಗುವ ಹಾಗೆ ಮನೆ ಮಾಡಿ. ಇನ್ನೊಬ್ಬರಿಗೆ ಒಂದೇ ರೈಲು ಅಥವಾ ಒಂದೇ ಬಸ್ಸಿನ ದಾರಿ ಇರಲಿ.

ಪ್ರಶ್ನೆ: ಏರಿಯಾ ಸೇಫ್ ಅಂತ ಬ್ರೋಕರ್ ಹೇಳಿದ್ದಾರೆ. ನಂಬಬಹುದಾ?

ಉತ್ತರ: ಬೇಡ. ಆ ಬೀದಿಯಲ್ಲಿ ದಿನಾ ರಾತ್ರಿ ನಡೆಯುವ ಹೆಂಗಸರನ್ನು ಕೇಳಿ.

ಪ್ರಶ್ನೆ: ಕೆಫೆಗಳು ಜಾಸ್ತಿ ಇರುವ ಏರಿಯಾ ನಡೆಯಲು ಒಳ್ಳೆಯದು ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ಉತ್ತರ: ವಾರಾಂತ್ಯದ ಎರಡು ಗಂಟೆಗೆ ಒಳ್ಳೆಯದಿರಬಹುದು. ಮೆಡಿಕಲ್ ಶಾಪ್, ದಿನಸಿ ಅಂಗಡಿ, ಬಸ್ ಸ್ಟಾಪ್ ಎಲ್ಲಿವೆ ಅಂತ ಆ ವಿಡಿಯೋದವರು ಹೇಳಲಿಲ್ಲ ತಾನೇ?

ಪ್ರಶ್ನೆ: ಅಪಾರ್ಟ್‌ಮೆಂಟ್ ಒಳಗೇ ಒಂದು ಕಿಲೋಮೀಟರ್ ವಾಕಿಂಗ್ ಟ್ರ್ಯಾಕ್ ಇದೆ. ಸಾಲದಾ?

ಉತ್ತರ: ಅದು ವ್ಯಾಯಾಮಕ್ಕೆ. ಗೇಟಿನ ಹೊರಗೆ ಏನಿದೆ ಅಂತ ಬರೆದು ಕಳಿಸಿ, ಆಮೇಲೆ ಮಾತಾಡೋಣ.

ಪ್ರಶ್ನೆ: ಈಗ ಬಸ್ಸೂ ಇಲ್ಲ. ಆದರೆ ಮೂರು ವರ್ಷದಲ್ಲಿ ಅಲ್ಲಿಗೆ ಮೆಟ್ರೋ ಬರುತ್ತದಂತೆ. ಬಾಡಿಗೆಯೂ ಕಡಿಮೆ.

ಉತ್ತರ: ನೀವು ಬಾಡಿಗೆ ಕೊಡುವುದು ಈ ತಿಂಗಳಿಗೆ. ಮೆಟ್ರೋ ಓಡಲು ಶುರುವಾದ ಮೇಲೆ ಮನೆ ನೋಡಿ. ಅಲ್ಲಿಯವರೆಗೆ ಕೆಲಸ ನಡೆಯುವ ರಸ್ತೆಯಲ್ಲಿ ಫುಟ್‌ಪಾತೂ ಸಿಗುವುದಿಲ್ಲ.