ಸಾಗರ, ಹೊಸನಗರದ ಕಡೆ ವಕೀಲರು ಫೀಸಿಲ್ಲದೆ ಮಾಡಬಹುದಾದ ದೊಡ್ಡ ಉಪಕಾರ ಯಾವುದು?

ಕಾಡಿನ ಜಮೀನಿಗೆ ಹಕ್ಕು ಕೇಳಿ ಹಾಕುವ ಅರಣ್ಯ ಹಕ್ಕಿನ ಅರ್ಜಿಯ ಕಡತ ಸರಿಮಾಡಿಕೊಡುವುದು. ಇದರಲ್ಲಿ ವಾದಕ್ಕಿಂತ ಕಾಗದ ಹುಡುಕುವ ಕೆಲಸವೇ ಹೆಚ್ಚು.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಜಮೀನು 13-12-2005ಕ್ಕೆ ಮೊದಲೇ ಸ್ವಾಧೀನದಲ್ಲಿರಬೇಕು. ಪರಿಶಿಷ್ಟ ಪಂಗಡದವರಲ್ಲದಿದ್ದರೆ, ಆ ದಿನಕ್ಕೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದರೆಂದೂ ತೋರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಊರು ಬಿಟ್ಟುಬಂದವರಿಗೆ ಈಗಿನ ಜಾಗದಲ್ಲಿ ಅಷ್ಟು ಹಳೆಯ ದಾಖಲೆ ಎಲ್ಲಿಂದ ಬರಬೇಕು?

ಆದರೆ ಪಹಣಿಯೇ ಬೇಕೆಂದಿಲ್ಲ. ಈ ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿ 13ನೆಯದರ ಸಾಕ್ಷ್ಯಪಟ್ಟಿಯಲ್ಲಿ ಮತದಾರರ ಗುರುತಿನ ಚೀಟಿ, ರೇಷನ್ ಕಾರ್ಡ್, ಮನೆ ಕಂದಾಯದ ರಸೀದಿ, ಹಳೇ ಬಾವಿ, ಸ್ಮಶಾನ, ದೇವರ ಬನ ಎಲ್ಲವೂ ಇವೆ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯೂ ಬರಹದಲ್ಲಿದ್ದರೆ ಸಾಕ್ಷ್ಯವೇ. ಕನಿಷ್ಠ ಎರಡು ಬಗೆಯವನ್ನು ಲಗತ್ತಿಸಿ. ಹಿರಿಯರು ಗಟ್ಟಿಯಾಗಿರುವಾಗಲೇ ಬರೆಸಿಕೊಳ್ಳುವುದು ಜಾಣತನ.

ಅರ್ಜಿಯ ಬಗ್ಗೆ ಗ್ರಾಮಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಉಪವಿಭಾಗ ಸಮಿತಿಗೆ, ಅಲ್ಲಿಯೂ ಆಗದಿದ್ದರೆ ಜಿಲ್ಲಾ ಸಮಿತಿಗೆ ಹೋಗಬಹುದು. ಪ್ರತಿ ಹಂತದಲ್ಲೂ ತೀರ್ಮಾನವಾದ 60 ದಿನದೊಳಗೆ ಹೋಗಬೇಕು. ಹಾಗಾಗಿ ತಿರಸ್ಕಾರದ ಕಾರಣವನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ, ಬರಹದಲ್ಲೇ ಪಡೆಯಿರಿ. ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸದಂತೆ ಕಾಯ್ದೆಯ ಕಲಂ 4(5) ತಡೆಯುತ್ತದೆ.