ತೆರೆದ ಗಣಿ, ಭೂಗತ ಗಣಿ: ಪರಿಸರಕ್ಕೆ ಹೆಚ್ಚು ಹಾನಿ ಯಾವುದರಿಂದ?

ತೆರೆದ ಗಣಿಗಾರಿಕೆಯಿಂದ ಬೆಟ್ಟ, ಕಾಡುಗಳು ಹಾಳಾಗುವುದು ಕಣ್ಣಿಗೇ ಕಾಣುತ್ತಿರುವಾಗ ಎಲ್ಲ ಖನಿಜಗಳನ್ನೂ ಸುರಂಗ ಕೊರೆದೇ ಏಕೆ ತೆಗೆಯಬಾರದು, ಮತ್ತು ಗಣಿ ಮುಚ್ಚಿದ ಮೇಲೆ ನೆಲ ತಾನಾಗಿಯೇ ಚೇತರಿಸಿಕೊಳ್ಳುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಭೂವಿಜ್ಞಾನ ಕಲಿತು ಕೆಲವು ವರ್ಷ ಅದನ್ನೇ ಪಾಠ ಮಾಡಿದವನು. ನನ್ನ ತಿಳಿವಳಿಕೆಯ ಪ್ರಕಾರ, ಗುಂಡಿ ಎಷ್ಟು ದೊಡ್ಡದು ಎಂಬುದಕ್ಕಿಂತ ಒಳಗಿನಿಂದ ಹೊರಗೆ ತಂದ ಕಲ್ಲು ಯಾವ ಬಗೆಯದು, ಲೋಹ ತೆಗೆದ ಮೇಲೆ ಉಳಿದದ್ದನ್ನು ಎಲ್ಲಿ, ಹೇಗೆ ಇಟ್ಟರು ಎಂಬುದೇ ಹಾನಿಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ.

ವಿಧಾನದ ಆಯ್ಕೆ ಗಣಿಗಾರರ ಇಷ್ಟಕ್ಕೆ ಬಿಟ್ಟದ್ದೇನೂ ಅಲ್ಲ. ಅಲ್ಯೂಮಿನಿಯಂನ ಅದಿರಾದ ಬಾಕ್ಸೈಟ್ ಸಾಮಾನ್ಯವಾಗಿ ನೆಲದ ಮೇಲ್ಪದರದಲ್ಲಿಯೇ ಹಾಸಿನಂತೆ ಹರಡಿರುತ್ತದೆ. ಅದಕ್ಕೆ ಸುರಂಗ ಕೊರೆಯುವುದರಲ್ಲಿ ಅರ್ಥವಿಲ್ಲ. ಚಿನ್ನವಾದರೋ ಅನೇಕ ಕಡೆ ಕಿರಿದಾದ ಎಳೆಯಾಗಿ ಆಳಕ್ಕೆ ಇಳಿಯುತ್ತದೆ; ಕೋಲಾರದಲ್ಲಿ ಅದನ್ನು ಹಿಂಬಾಲಿಸುತ್ತಾ 3 ಕಿಲೋಮೀಟರಿಗೂ ಕೆಳಗೆ ಹೋಗಬೇಕಾಯಿತು. ಇನ್ನು ಅಮೆರಿಕದ ಬಿಂಗ್‌ಹ್ಯಾಮ್ ಕಣಿವೆಯ ತಾಮ್ರದಂಥದ್ದು ಇಡೀ ಬೆಟ್ಟದ ತುಂಬ ಚೂರು ಚೂರಾಗಿ ಚೆದುರಿಕೊಂಡಿರುವುದರಿಂದ ಬೆಟ್ಟವನ್ನೇ ಕರಗಿಸದೆ ಲೋಹ ಸಿಗದು. ಅಲ್ಲಿನ ಗುಂಡಿ ಈಗ ಸುಮಾರು 4 ಕಿಲೋಮೀಟರ್ ಅಗಲ, 1 ಕಿಲೋಮೀಟರಿಗೂ ಹೆಚ್ಚು ಆಳವಿದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಅದಿರಿನಲ್ಲಿ ತಾಮ್ರದ ಅಂಶ ಶೇಕಡಾ 0.5 ಎಂದಿಟ್ಟುಕೊಳ್ಳಿ, ದೊಡ್ಡ ತೆರೆದ ಗಣಿಗಳಲ್ಲಿ ಇದೇನೂ ಅಪರೂಪವಲ್ಲ. ಒಂದು ಟನ್ ತಾಮ್ರಕ್ಕೆ ಕನಿಷ್ಠ 200 ಟನ್ ಅದಿರು ಬೇಕು. ಒಂದು ಟನ್ ಅದಿರನ್ನು ತಲುಪಲು ಎರಡು ಟನ್ ಬರಿಗಲ್ಲನ್ನು ಸರಿಸಬೇಕಾದರೆ ಅದು ಬೇರೆ 400 ಟನ್. ಅಂದರೆ 600 ಟನ್ ಅಗೆದು 599 ಟನ್ ಬಿಸಾಡಿದಂತಾಯಿತು. ಅದನ್ನೆಲ್ಲ ಮತ್ತೆ ಗುಂಡಿಗೇ ತುಂಬಬಹುದಲ್ಲ ಎನ್ನಬೇಡಿ, ಒಡೆದ ಕಲ್ಲು ಒಡೆಯದ ಕಲ್ಲಿಗಿಂತ ಶೇಕಡಾ 30ರಿಂದ 40ರಷ್ಟು ಹೆಚ್ಚು ಜಾಗ ಬೇಡುತ್ತದೆ. ಸುರಂಗದ ಗಣಿಯಲ್ಲಿ ಬರಿಗಲ್ಲಿನ ರಾಶಿ ಬಹಳ ಕಡಿಮೆ, ಉಳಿಕೆಗೆ ಸಿಮೆಂಟ್ ಬೆರೆಸಿ ಖಾಲಿಯಾದ ಸುರಂಗಗಳಿಗೆ ಒಂದು ಪಾಲನ್ನು ತುಂಬಲೂಬಹುದು. ಇಷ್ಟರ ಮಟ್ಟಿಗೆ ನಿಮ್ಮ ಊಹೆ ಸರಿ.

ಆದರೆ ನಿಜವಾದ ತೊಂದರೆ ಶುರುವಾಗುವುದು ನೀರಿನಲ್ಲಿ. ಇದನ್ನು ನಾನು ಕಲಿತದ್ದು ಗಣಿಯಲ್ಲಿ ಅಲ್ಲ, ಒಂದು ಮೇಜಿನ ಖಾನೆಯಲ್ಲಿ. ಪಾಠಕ್ಕೆಂದು ಇಟ್ಟುಕೊಂಡಿದ್ದ ಪೈರೈಟ್ ತುಂಡೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಎರಡು ಮಳೆಗಾಲ ಮರೆತಿದ್ದೆ. ತೆರೆದು ನೋಡಿದಾಗ ಚಿನ್ನದಂತೆ ಹೊಳೆಯುತ್ತಿದ್ದ ಕಲ್ಲಿನ ಮೇಲೆ ಬಿಳಿ, ಹಳದಿ ಪುಡಿ ಕಟ್ಟಿತ್ತು. ಅಡಿಯಲ್ಲಿದ್ದ ಹೆಸರುಚೀಟಿ ಕಂದಾಗಿ, ಮುಟ್ಟಿದರೆ ಉದುರುವಂತೆ ಸುಟ್ಟುಹೋಗಿತ್ತು. ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ. ಅದಕ್ಕೆ ಗಾಳಿ, ತೇವ ತಾಗಿದರೆ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ, ಕೆಲವು ಬ್ಯಾಕ್ಟೀರಿಯಾಗಳು ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಭೂಮಿಯೊಳಗೆ ಗಾಳಿಯಿಲ್ಲದೆ ಕೋಟ್ಯಂತರ ವರ್ಷ ತೆಪ್ಪಗಿದ್ದ ಈ ಖನಿಜ ತಾಮ್ರ, ಸತು, ಚಿನ್ನ, ಕಲ್ಲಿದ್ದಲುಗಳ ಜೊತೆಗೆ ಹೊರಬಂದು ರಾಶಿ ಬಿದ್ದರೆ ಪ್ರತಿ ಮಳೆಗೂ ಆಮ್ಲ ಇಳಿಯುತ್ತದೆ; ಆ ಆಮ್ಲ ಬಂಡೆಯಲ್ಲಿನ ತಾಮ್ರ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳನ್ನೂ ಕರಗಿಸಿಕೊಂಡು ಹೊಳೆ ಸೇರುತ್ತದೆ. ಸುತ್ತಲಿನ ಬಂಡೆ ಸುಣ್ಣದಕಲ್ಲಾಗಿದ್ದರೆ ಅದೇ ಆಮ್ಲವನ್ನು ತಣಿಸೀತು. ಆದ್ದರಿಂದಲೇ ಅಕ್ಕಪಕ್ಕದ ಎರಡು ಗಣಿಗಳಲ್ಲಿ ಒಂದೇ ವಿಧಾನ ಬಳಸಿದ್ದರೂ ಒಂದರ ನೀರಿನಲ್ಲಿ ಮೀನಿರಬಹುದು, ಇನ್ನೊಂದರದ್ದು ಕೆಂಪಗೆ ಹರಿಯಬಹುದು.

ಮತ್ತೊಂದು ಅಪಾಯ ಅದಿರನ್ನು ಹಿಟ್ಟಿನಂತೆ ಅರೆದು ಲೋಹ ಬೇರ್ಪಡಿಸಿದ ಮೇಲೆ ಉಳಿಯುವ ಕೆಸರಿನದು. ಟೇಲಿಂಗ್ಸ್ ಎಂದು ಕರೆಯುವ ಇದನ್ನು ಅಣೆಕಟ್ಟಿನ ಹಿಂದೆ ತುಂಬಿಡುತ್ತಾರೆ. ಖರ್ಚು ಉಳಿಸಲು, ಒಣಗಿದ ಕೆಸರಿನ ಮೇಲೆಯೇ ಒಡ್ಡನ್ನು ಹಂತ ಹಂತವಾಗಿ ಎತ್ತರಿಸುವ ಪದ್ಧತಿಯೊಂದಿದೆ. ಅಡಿಯ ಕೆಸರು ನೀರು ಕುಡಿದೇ ಇದ್ದರೆ ಗಟ್ಟಿಯಾಗಿ ಕಂಡದ್ದು ಕ್ಷಣದಲ್ಲಿ ದ್ರವದಂತೆ ಹರಿದುಬಿಡುತ್ತದೆ. ಬ್ರೆಜಿಲ್‌ನ ಬ್ರುಮಾಡಿನ್ಹೊದಲ್ಲಿ 2019ರ ಜನವರಿ 25ರಂದು ಆದದ್ದು ಇದೇ. ಕೆಸರು ತುಂಬುವುದನ್ನು ಕೆಲವು ವರ್ಷಗಳ ಹಿಂದೆಯೇ ನಿಲ್ಲಿಸಿದ್ದ ಒಡ್ಡು ಅದು. ಅದರ ಕೆಳಗೇ ಗಣಿಯ ಕಚೇರಿ, ಕಾರ್ಮಿಕರ ಊಟದ ಮನೆಗಳಿದ್ದವು. ಸುಮಾರು 270 ಜನ ಸತ್ತರು. ಆ ಬಳಿಕವಷ್ಟೇ ಬ್ರೆಜಿಲ್ ಆ ಪದ್ಧತಿಯನ್ನು ನಿಷೇಧಿಸಿತು. ಸುರಂಗದ ಅದಿರಾದರೂ ಅರೆದ ಮೇಲೆ ಕೆಸರಾಗಲೇಬೇಕು ಎಂಬುದನ್ನು ಗಮನಿಸಿ.

ಸುರಂಗ ಗಣಿಗೆ ಅದರದ್ದೇ ಆದ ಬೇರೆ ದೋಷಗಳೂ ಇವೆ. ಕಲ್ಲಿದ್ದಲಿನಲ್ಲಿ ಮೇಲಿನ ನೆಲಕ್ಕೆ ಆಸರೆಯಾಗಿ ಕಂಬಗಳನ್ನು ಉಳಿಸಿ ಅಗೆದರೆ ಆ ಕಂಬಗಳು ದಶಕಗಳ ನಂತರ ಕುಸಿದು ಮೇಲಿನ ನೆಲ ಬಿರುಕು ಬಿಡಬಹುದು. ಗಣಿ ಒಣಗಿರಲೆಂದು ಹಗಲಿರುಳು ನೀರೆತ್ತುವುದರಿಂದ ಸುತ್ತಲಿನ ಬಾವಿಗಳು ಬತ್ತಬಹುದು. ಅಗೆತವೇ ಇಲ್ಲದ ವಿಧಾನವೂ ಒಂದಿದೆ. ಕಜಕಸ್ತಾನದಲ್ಲಿ ಯುರೇನಿಯಂ ಇರುವ ಮರಳಿನ ಪದರಕ್ಕೆ ಕೊಳವೆಬಾವಿಗಳಿಂದ ಆಮ್ಲ ಇಳಿಸಿ, ಲೋಹ ಕರಗಿದ ದ್ರಾವಣವನ್ನು ಮೇಲೆತ್ತುತ್ತಾರೆ. ಮೇಲೆ ನೋಡಿದರೆ ಗುಂಡಿಯೂ ಇಲ್ಲ, ಕಲ್ಲಿನ ರಾಶಿಯೂ ಇಲ್ಲ. ಕೆಡುವ ಸಂಭವವಿರುವುದು ಕಣ್ಣಿಗೆ ಕಾಣದ ಅಂತರ್ಜಲ.

ಗಣಿ ಮುಚ್ಚಿದ ಮೇಲಿನ ಮಾತಿಗೆ ಬರುತ್ತೇನೆ. ಬಾಕ್ಸೈಟ್ ತೆಗೆದ ಜಾಗದಲ್ಲಿ, ಮೊದಲೇ ತೆಗೆದಿಟ್ಟ ಮೇಲ್ಮಣ್ಣನ್ನು ಹೆಚ್ಚು ಕಾಲ ರಾಶಿಯಲ್ಲಿ ಕೊಳೆಯಿಸದೆ ಬೇಗ ಹಾಸಿದರೆ ಹಸಿರು ಮರಳುವುದು ಸಾಧ್ಯ. ಗಂಧಕವಿರುವ ಗಣಿಯ ಕಥೆ ಹಾಗಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಬರ್ಕ್ಲಿ ತಾಮ್ರದ ಗುಂಡಿಯಲ್ಲಿ 1982ರಲ್ಲಿ ಕೆಲಸ ನಿಂತಿತು, ನೀರೆತ್ತುವ ಪಂಪುಗಳೂ ನಿಂತವು. ಸುರಂಗಗಳಿಂದ ನುಗ್ಗಿದ ನೀರು ಗುಂಡಿಯನ್ನು ಆಮ್ಲದ ಸರೋವರವಾಗಿಸಿತು. 1995ರಲ್ಲಿ ವಲಸೆ ಹೊರಟಿದ್ದ ಹಿಮ ಹೆಬ್ಬಾತುಗಳ ಹಿಂಡು ಅಲ್ಲಿ ಇಳಿದಾಗ 342 ಹಕ್ಕಿಗಳು ಸತ್ತವು. ಸರೋವರದ ಮಟ್ಟ ಇನ್ನೂ ಏರಿ ಸುತ್ತಲಿನ ಅಂತರ್ಜಲಕ್ಕೆ ಸೇರದಂತೆ ಇಂದಿಗೂ ನೀರನ್ನು ಎತ್ತಿ, ಸುಣ್ಣ ಬೆರೆಸಿ ಶುದ್ಧಗೊಳಿಸುತ್ತಲೇ ಇರಬೇಕಾಗಿದೆ. ಆ ಪಂಪುಗಳನ್ನು ನಿಲ್ಲಿಸಬಹುದಾದ ದಿನವನ್ನು ಯಾರೂ ಗೊತ್ತುಮಾಡಿಲ್ಲ.